ವಾಲ್ಡೆಮಾರ್ ಹಾಫ್‌ಕಿನ್

ವಾಲ್ಡೆಮಾರ್ ಮೊರ್ಡೆಕಾಯ್ ಹಾಫ್‌ಕಿನ್ (15 ಮಾರ್ಚ್ 1860 – 26 ಅಕ್ಟೋಬರ್ 1930) ಕಾಲರಾ ಮತ್ತು ಪ್ಲೇಗು ರೋಗಗಳಿಗೆ ಲಸಿಕೆಗಳನ್ನು ಸಿದ್ಧಪಡಿಸಿ, ಭಾರತದಲ್ಲಿ ಅವುಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ ಸೂಕ್ಷ್ಮಜೀವಿಶಾಸ್ತ್ರಜ್ಞ. ಎರಡೂ ಲಸಿಕೆಗಳನ್ನು ಅವರು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ. ಇಂದಿನ ಉಕ್ರೇನಿನ ಒಡೆಸ್ಸಾ ನಗರದಲ್ಲಿ ಹುಟ್ಟಿದ ಈ ಯಹೂದಿ ವಿಜ್ಞಾನಿಯ ಕೆಲಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ಕನ್ನಡ ನಾಡಿನಲ್ಲಿ. 1898ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳಲ್ಲಿ ನಡೆದ ಪ್ಲೇಗಿನ ಚುಚ್ಚುಮದ್ದಿನ ಕಾರ್ಯ ಲಸಿಕೆಯ ಪರ ಮತ್ತು ವಿರೋಧದ ವಾದಗಳಲ್ಲಿ ಬಹುಕಾಲ ಉಲ್ಲೇಖಗೊಳ್ಳುತ್ತಿತ್ತು. ಲಸಿಕೆ ಎಷ್ಟರಮಟ್ಟಿಗೆ ಸೋಂಕನ್ನು ತಡೆಯುತ್ತದೆ, ಅದನ್ನು ಜನರ ಮೇಲೆ ಕಡ್ಡಾಯ ಮಾಡಬಹುದೇ ಎಂಬ ಎರಡು ಪ್ರಶ್ನೆಗಳು ಅವರ ಜೀವನದುದ್ದಕ್ಕೂ ಅವರ ಬೆನ್ನು ಬಿಡಲಿಲ್ಲ.

ಆರಂಭಿಕ ಜೀವನ

ಹಾಫ್‌ಕಿನ್ ವ್ಯಾಪಾರಿ ಕುಟುಂಬದಲ್ಲಿ ಜನಿಸಿದರು. ಶಾಲಾ ವಿದ್ಯಾಭ್ಯಾಸ ಬೆರ್ಡ್ಯಾನ್ಸ್ಕ್ ಎಂಬ ಊರಿನಲ್ಲಿ ನಡೆಯಿತು. 1879ರಲ್ಲಿ ಒಡೆಸ್ಸಾದ ವಿಶ್ವವಿದ್ಯಾಲಯವನ್ನು ಸೇರಿ ಪ್ರಾಣಿಶಾಸ್ತ್ರವನ್ನು ಅಭ್ಯಾಸ ಮಾಡಿದರು. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುವ ಬಗೆಯನ್ನು ಕಂಡುಹಿಡಿದು ಮುಂದೆ ನೊಬೆಲ್ ಪಾರಿತೋಷಕ ಪಡೆದ ಇಲ್ಯಾ ಮೆಚ್ನಿಕಾವ್ ಅಲ್ಲಿ ಅವರಿಗೆ ಗುರುಗಳಾಗಿದ್ದರು. ಅದು ರಷ್ಯಾದಲ್ಲಿ ಯಹೂದಿಗಳ ಮೇಲೆ ಹಿಂಸಾಚಾರ ನಡೆಯುತ್ತಿದ್ದ ಕಾಲ. ದಾಳಿಗೆ ಒಳಗಾದ ಯಹೂದಿಯರ ರಕ್ಷಣೆಗೆ ನಿಂತ ಯುವಕರ ಗುಂಪಿನಲ್ಲಿದ್ದ ಹಾಫ್‌ಕಿನ್ ಗಾಯಗೊಂಡರು, ಬಂಧನಕ್ಕೂ ಒಳಗಾದರು. ಮೆಚ್ನಿಕಾವ್ ಅವರ ಪ್ರಯತ್ನದಿಂದ ಬಿಡುಗಡೆಯಾಯಿತು.

ಪದವಿಯ ನಂತರ ಅಧ್ಯಾಪಕ ಹುದ್ದೆ ದೊರೆಯಬೇಕಾದರೆ ಮತಾಂತರ ಹೊಂದಬೇಕಿತ್ತು. ಅವರು ಒಪ್ಪಲಿಲ್ಲ. ಕೆಲವು ವರ್ಷ ಒಡೆಸ್ಸಾದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ದುಡಿದು 1888ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ ಬಂದರು. ಅಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಸಹಾಯಕನ ಕೆಲಸ ಮಾತ್ರ. ಅದನ್ನೇ ಒಪ್ಪಿಕೊಂಡು, ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು.

ಕಾಲರಾ ಲಸಿಕೆ

ರಾಬರ್ಟ್ ಕೋಖ್ ಕಾಲರಾದ ರೋಗಾಣುವನ್ನು ಗುರುತಿಸಿ ಆಗ ಕೆಲವೇ ವರ್ಷಗಳಾಗಿದ್ದವು. ಸ್ಪೇನಿನಲ್ಲಿ ಜೈಮ್ ಫೆರಾನ್ 1885ರಲ್ಲಿ ಒಂದು ಲಸಿಕೆಯನ್ನು ಪ್ರಯೋಗಿಸಿದ್ದರೂ ವಿದ್ವಾಂಸರ ಒಪ್ಪಿಗೆ ಅದಕ್ಕೆ ದೊರೆತಿರಲಿಲ್ಲ. ಹಾಫ್‌ಕಿನ್ ಪ್ರಾಣಿಗಳ ದೇಹದಲ್ಲಿ ರೋಗಾಣುವನ್ನು ಒಂದಾದ ಮೇಲೊಂದರಂತೆ ಸಾಗಿಸಿ ಅದರ ಬಲವನ್ನು ಒಂದು ಮಟ್ಟಕ್ಕೆ ತಂದು, ಮೊದಲು ದುರ್ಬಲಗೊಳಿಸಿದ ರೋಗಾಣುವನ್ನೂ ಕೆಲವು ದಿನಗಳ ನಂತರ ಪ್ರಬಲವಾದದ್ದನ್ನೂ ಚುಚ್ಚುವ ಪದ್ಧತಿಯನ್ನು ರೂಪಿಸಿದರು. 18 ಜುಲೈ 1892ರಂದು ತಾವೇ ಅದನ್ನು ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ಆ ತಿಂಗಳ ಕೊನೆಯಲ್ಲಿ ಫಲಿತಾಂಶವನ್ನು ಪ್ಯಾರಿಸಿನ ವಿದ್ವತ್ಸಭೆಯ ಮುಂದಿಟ್ಟರು.

ಭಾರತದಲ್ಲಿ ವೈಸ್‌ರಾಯ್ ಆಗಿದ್ದು ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ಬೆಂಬಲದಿಂದ 1893ರ ಮಾರ್ಚಿನಲ್ಲಿ ಹಾಫ್‌ಕಿನ್ ಕಲ್ಕತ್ತೆಗೆ ಬಂದಿಳಿದರು. ಮೊದಲು ಆಗ್ರಾ, ಬಳಿಕ ಉತ್ತರ ಭಾರತದ ಅನೇಕ ಊರುಗಳು, ಸೈನ್ಯದ ಶಿಬಿರಗಳು, ಅಸ್ಸಾಮಿನ ಚಹಾ ತೋಟಗಳು, ಹೀಗೆ ಎರಡು ವರ್ಷಗಳಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಲಸಿಕೆ ನೀಡಿದರು. ಎಲ್ಲರೂ ತಾವಾಗಿಯೇ ಮುಂದೆ ಬಂದವರು. ಕಲ್ಕತ್ತೆಯ ಕಟ್ಟಾಲ್‌ ಬಗಾನ್ ಎಂಬ ಬಡವರ ಬಸ್ತಿಯಲ್ಲಿ 1894ರಲ್ಲಿ ಸುಮಾರು 200 ನಿವಾಸಿಗಳಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಆಮೇಲೆ ಅಲ್ಲಿ ಕಾಲರಾ ತಗುಲಿದ್ದು ಚುಚ್ಚಿಸಿಕೊಳ್ಳದವರಿಗೆ. ಒಂದೇ ಬಾವಿ, ಒಂದೇ ಕೆರೆ, ಒಂದೇ ಅನ್ನವನ್ನು ಹಂಚಿಕೊಂಡ ಜನರಲ್ಲಿ ಅರ್ಧ ಭಾಗ ಲಸಿಕೆ ಪಡೆದು ಅರ್ಧ ಭಾಗ ಪಡೆಯದಿದ್ದರೆ ಮಾತ್ರ ಲಸಿಕೆಯ ಗುಣ ನಿಜವಾಗಿ ತಿಳಿಯುತ್ತದೆ ಎಂಬುದು ಹಾಫ್‌ಕಿನ್ ಅವರ ನಿಲುವು. ಮುಂದೆ ಪ್ಲೇಗಿನ ವಿಷಯದಲ್ಲಿಯೂ ಅವರು ಇದೇ ಹೋಲಿಕೆಯ ಕ್ರಮವನ್ನು ಬಿಡಲಿಲ್ಲ. ಇಂದಿನ ಲಸಿಕಾ ಪರೀಕ್ಷೆಗಳ ಪದ್ಧತಿಗೆ ಇದು ಪೂರ್ವರೂಪ.

1895ರಲ್ಲಿ ಮಲೇರಿಯಾದಿಂದ ನರಳಿ ಇಂಗ್ಲೆಂಡಿಗೆ ಹಿಂದಿರುಗಿದ ಅವರು ಮರುವರ್ಷ ಮತ್ತೆ ಭಾರತಕ್ಕೆ ಬಂದರು.

ಮುಂಬಯಿಯ ಪ್ಲೇಗು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸರಕಾರದ ಕರೆಯ ಮೇರೆಗೆ ಅಕ್ಟೋಬರಿನಲ್ಲಿ ಅಲ್ಲಿಗೆ ಬಂದ ಹಾಫ್‌ಕಿನ್ ಅವರಿಗೆ ದೊರೆತದ್ದು ಗ್ರಾಂಟ್ ವೈದ್ಯಕೀಯ ಕಾಲೇಜಿನ ಸಣ್ಣ ಜಾಗ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. ಮೂರು ತಿಂಗಳ ಹಗಲಿರುಳಿನ ದುಡಿಮೆಯಲ್ಲಿ ಲಸಿಕೆ ಸಿದ್ಧವಾಯಿತು.

ತಯಾರಿಕೆಯ ಕ್ರಮ ಕುತೂಹಲಕರವಾದುದು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ಪ್ಲೇಗಿನ ರೋಗಾಣುಗಳು ಆ ಹನಿಗಳನ್ನು ಹಿಡಿದುಕೊಂಡು ಬಾವಲಿಗಳಂತೆ ಕೆಳಮುಖವಾಗಿ ಜೋತುಬಿದ್ದು ಬೆಳೆಯುತ್ತವೆ. ಸೀಸೆಯನ್ನು ಅಲುಗಿಸಿದಾಗ ಅವು ತಳಕ್ಕೆ ಇಳಿಯುತ್ತವೆ, ಮೇಲೆ ಮತ್ತೆ ಹೊಸ ಬೆಳೆ ಬರುತ್ತದೆ. ಹೀಗೆ ಕೆಲವು ವಾರ ಬೆಳೆಸಿದ ರೋಗಾಣುಗಳನ್ನು ಕಾಯಿಸಿ ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಸೇರಿಸುತ್ತಿದ್ದರು. ಹಿಂದೂ ಮತ್ತು ಮುಸ್ಲಿಂ ಜನರ ಮನಸ್ಸಿಗೆ ನೋವಾಗದಿರಲೆಂದು ದನ ಮತ್ತು ಹಂದಿಯ ಮಾಂಸವನ್ನು ಬಿಟ್ಟು ಆಡಿನ ಮಾಂಸದ ಸಾರನ್ನು ಬಳಸಲಾಯಿತು.

10 ಜನವರಿ 1897ರಂದು ಹಾಫ್‌ಕಿನ್ ಸಾಮಾನ್ಯ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚು ಮದ್ದನ್ನು ತಾವೇ ಚುಚ್ಚಿಕೊಂಡು ಜ್ವರ ಮತ್ತು ನೋವನ್ನು ಅನುಭವಿಸಿದರು. ಅದೇ ತಿಂಗಳ ಕೊನೆಯಲ್ಲಿ ಪ್ಲೇಗು ಹೊಕ್ಕಿದ್ದ ಬೈಕುಲ್ಲಾ ಸೆರೆಮನೆಯಲ್ಲಿ ಸುಮಾರು ಅರ್ಧದಷ್ಟು ಕೈದಿಗಳು ಸ್ವಇಚ್ಛೆಯಿಂದ ಲಸಿಕೆ ಪಡೆದರು. ಬಳಿಕ ಬಂದ ರೋಗದ ಪ್ರಕರಣಗಳಲ್ಲಿ ಸಾವಿಗೆ ಈಡಾದವರು ಲಸಿಕೆ ಪಡೆಯದ ಕೈದಿಗಳು. ಖೋಜಾ ಸಮುದಾಯದ ಗುರು ಮೂರನೆಯ ಆಗಾ ಖಾನ್ ತಮ್ಮ ಅನುಯಾಯಿಗಳ ಎದುರಿಗೇ ಚುಚ್ಚಿಸಿಕೊಂಡು, ಲಸಿಕೆಯ ತಯಾರಿಕೆಗೆ ತಮ್ಮ ಒಂದು ಕಟ್ಟಡವನ್ನು ಬಿಟ್ಟುಕೊಟ್ಟರು. ನೂರು ಸರಕಾರಿ ಸುತ್ತೋಲೆಗಳಿಂದ ಆಗದ ಕೆಲಸ ಇಂತಹ ಒಂದು ಉದಾಹರಣೆಯಿಂದ ಆಯಿತೆನ್ನಬಹುದು.

1898ರ ಫೆಬ್ರವರಿಯಲ್ಲಿ ಬರೋಡಾ ಸಂಸ್ಥಾನದ ಉಂಢೇರಾ ಎಂಬ ಹಳ್ಳಿಯಲ್ಲಿ ಹಾಫ್‌ಕಿನ್ ಪ್ರತಿ ಮನೆಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಲಸಿಕೆ ಹಾಕಿಸಿದರು. ಆಮೇಲೆ ರೋಗ ಹೊಕ್ಕ ಮನೆಗಳ ಲೆಕ್ಕ ತೆಗೆದಾಗ, ಲಸಿಕೆ ಪಡೆದ 71 ಜನರಲ್ಲಿ 8 ಮಂದಿಗೆ ಪ್ಲೇಗು ತಗುಲಿ 3 ಮಂದಿ ಸತ್ತಿದ್ದರು. ಪಡೆಯದ 64 ಜನರಲ್ಲಿ 27 ಮಂದಿಗೆ ತಗುಲಿ 26 ಮಂದಿ ಸತ್ತಿದ್ದರು. ಈ ಅಂಕಿಗಳು ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತವೆ. ಲಸಿಕೆ ಪಡೆದವರಿಗೆ ರೋಗ ಬರುವುದೇ ಇಲ್ಲ ಎಂಬುದು ಸುಳ್ಳು. ಲಸಿಕೆಯಿಂದ ಪ್ರಯೋಜನವಿಲ್ಲ ಎಂಬುದೂ ಸುಳ್ಳು. ಆ ಕಾಲದ ವಾದವಿವಾದಗಳಲ್ಲಿ ಒಂದು ಪಕ್ಷದವರು ಮೊದಲನೆಯದನ್ನೂ ಮತ್ತೊಂದು ಪಕ್ಷದವರು ಎರಡನೆಯದನ್ನೂ ಮರೆತರು.

ಹುಬ್ಬಳ್ಳಿ ಮತ್ತು ಧಾರವಾಡ

ಪ್ಲೇಗು ರೈಲುದಾರಿ ಹಿಡಿದು ದಕ್ಷಿಣಕ್ಕೆ ಬಂದಿತು. ಸದರ್ನ್ ಮರಾಠಾ ರೈಲ್ವೆಯ ದೊಡ್ಡ ಕಾರ್ಖಾನೆಯಿದ್ದ, ಹತ್ತಿ ವ್ಯಾಪಾರದ ಕೇಂದ್ರವಾಗಿದ್ದ ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ 1898ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸೈನ್ಯದ ವೈದ್ಯಾಧಿಕಾರಿ ಕ್ಯಾಪ್ಟನ್ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಹಾಫ್‌ಕಿನ್ ಲಸಿಕೆಯನ್ನು ಹಾಕಲಾಯಿತು. ಮೊದಲು ರೈಲ್ವೆ ಕಾರ್ಖಾನೆಯ ನೌಕರರು ಮತ್ತು ಗಿರಣಿಯ ಕೆಲಸಗಾರರು, ಬಳಿಕ ಪೇಟೆಯ ಜನರು ಸಾಲುಗಟ್ಟಿ ಬಂದರು. ಸುಮಾರು 50,000 ಜನಸಂಖ್ಯೆಯ ಊರಿನಲ್ಲಿ ಬಹುಪಾಲು ನಿವಾಸಿಗಳು ಲಸಿಕೆ ಪಡೆದರು. ಅನೇಕರು ಎರಡು ಸಲ ಪಡೆದರು. ಒಂದಿಡೀ ಪೇಟೆಯ ಜನ ಚುಚ್ಚುಮದ್ದಿಗೆ ಒಪ್ಪಿದ ಇಂತಹ ನಿದರ್ಶನ ಆವರೆಗೆ ವಿರಳವಾಗಿತ್ತು. ಧಾರವಾಡದಲ್ಲಿ ಸೆರೆಮನೆಯೂ ಸೇರಿದಂತೆ ಹಲವೆಡೆ ಇದೇ ಕೆಲಸ ನಡೆಯಿತು.

ಲ್ಯೂಮನ್ ವಾರವಾರವೂ ಲಸಿಕೆ ಪಡೆದವರ ಮತ್ತು ಪಡೆಯದವರ ಸಾವುಗಳ ಲೆಕ್ಕವನ್ನು ಇಟ್ಟರು. ಪಡೆಯದವರಲ್ಲಿ ಸಾವಿನ ಪ್ರಮಾಣ ಬಹಳ ಹೆಚ್ಚು, ಪಡೆದವರಲ್ಲಿ ಬಹಳ ಕಡಿಮೆ ಎಂಬುದು ಅದರ ತಾತ್ಪರ್ಯ. ಹಾಫ್‌ಕಿನ್ ತಮ್ಮ ಬರಹಗಳಲ್ಲಿ ಹುಬ್ಬಳ್ಳಿಯನ್ನು ಬಲವಾದ ಪುರಾವೆಯೆಂದು ಮುಂದಿಟ್ಟರು. ಆಕ್ಷೇಪಗಳೂ ಬಂದವು. ರೋಗದ ಭಯದಿಂದ ಜನ ಊರು ಬಿಡುತ್ತಿದ್ದರು, ಮತ್ತೆ ಬರುತ್ತಿದ್ದರು. ಹೀಗಿರುವಾಗ ಯಾವ ವಾರ ಊರಿನಲ್ಲಿ ಲಸಿಕೆ ಪಡೆಯದವರು ಎಷ್ಟು ಮಂದಿ ಇದ್ದರು ಎಂಬುದನ್ನು ನಿಖರವಾಗಿ ಹೇಳುವುದು ಕಷ್ಟ. ಕೊನೆಕೊನೆಗೆ ಲಸಿಕೆಯಿಲ್ಲದೆ ಉಳಿದ ಸಣ್ಣ ಗುಂಪಿನಲ್ಲಿ ಕಡುಬಡವರೂ ಹೊಸದಾಗಿ ಬಂದವರೂ ಹೆಚ್ಚಾಗಿದ್ದರೆ ಆ ಗುಂಪನ್ನು ಉಳಿದವರೊಡನೆ ಹೋಲಿಸುವುದು ಎಷ್ಟು ಸರಿ ಎಂಬ ಸಂದೇಹಕ್ಕೂ ಎಡೆಯಿತ್ತು. ಭಾಜ್ಯ ಸರಿಯಿದ್ದರೂ ಭಾಜಕ ತಪ್ಪಿದರೆ ಭಾಗಲಬ್ಧ ತಪ್ಪುತ್ತದೆ ಎಂಬುದು ಪ್ರಾಥಮಿಕ ಶಾಲೆಯ ಲೆಕ್ಕದ ಪಾಠವೇ ಸರಿ. ಆದರೂ ಅಂಕಿಗಳನ್ನು ಎಷ್ಟೇ ತಗ್ಗಿಸಿ ನೋಡಿದರೂ ಎರಡು ಗುಂಪುಗಳ ನಡುವಣ ಅಂತರ ಪೂರ್ತಿಯಾಗಿ ಅಳಿಯುವಂತಿರಲಿಲ್ಲ.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಮೈಸೂರು ಸಂಸ್ಥಾನದಲ್ಲಿ ಆಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ವಿ. ಪಿ. ಮಾಧವರಾವ್ ಪ್ಲೇಗ್ ಕಮಿಷನರ್ ಆಗಿ ನೇಮಕಗೊಂಡರು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಪಿಡುಗಿನ ಫಲ. ಮುಂದಿನ ವರ್ಷಗಳಲ್ಲಿ ತುಮಕೂರಿನ ಕಡೆಯ ಸೀಮೆಯೂ ಸೇರಿದಂತೆ ಸಂಸ್ಥಾನದ ಹಳ್ಳಿಗಾಡಿನಲ್ಲಿ ಜನರು ಕಂಡುಕೊಂಡ ಉಪಾಯ ಬೇರೆ. ಮನೆಯ ಸೂರಿನಿಂದ ಇಲಿ ಬಿದ್ದು ಸತ್ತರೆ ಊರಿಗೆ ಊರೇ ಖಾಲಿಯಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಪ್ಲೇಗ್ ಮಾರಮ್ಮನ ಗುಡಿಗಳೂ ಎದ್ದವು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂಬ ಪಾಲ್-ಲೂಯಿ ಸಿಮಾಂಡ್ ಅವರ ಶೋಧ 1898ರದ್ದಾದರೂ ವಿದ್ವಾಂಸರು ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ವಿಜ್ಞಾನಿಗಳು ಒಪ್ಪುವ ಮೊದಲೇ, ಇಲಿ ಬಿದ್ದ ಮನೆಯನ್ನು ಬಿಡಬೇಕೆಂಬುದು ಹಳ್ಳಿಯವರಿಗೆ ತಿಳಿದಿತ್ತು. ಯು. ಆರ್. ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿಯಲ್ಲಿ ಈ ಪಿಡುಗಿನ ನೆನಪು ಉಳಿದುಬಂದಿದೆ.

ಕಡ್ಡಾಯವೋ ಸ್ವಇಚ್ಛೆಯೋ

ಸಿಡುಬಿನ ವಿಷಯದಲ್ಲಿ 1880ರ ಕಾಯಿದೆ ಪುರಸಭೆಗಳ ವ್ಯಾಪ್ತಿಯಲ್ಲಿ ಮಕ್ಕಳಿಗೆ ದೇವಿ ಹಾಕಿಸುವುದನ್ನು ಕಡ್ಡಾಯಗೊಳಿಸಲು ಅವಕಾಶ ನೀಡಿತ್ತು. ಪ್ಲೇಗು ಬಂದಾಗ ಸರಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದು ಅಧಿಕಾರಿಗಳಿಗೆ ವಿಶಾಲವಾದ ಅಧಿಕಾರವನ್ನು ಕೊಟ್ಟಿತು. ಮನೆ ಮನೆಯ ಶೋಧನೆ, ರೋಗಿಗಳನ್ನೂ ಅವರ ಬಂಧುಗಳನ್ನೂ ಶಿಬಿರಗಳಿಗೆ ಸಾಗಿಸುವುದು, ರೈಲ್ವೆ ನಿಲ್ದಾಣಗಳಲ್ಲಿ ಹೆಂಗಸರನ್ನೂ ಬಿಡದೆ ತಪಾಸಣೆ ಮಾಡುವುದು ಜನರ ಕೋಪಕ್ಕೆ ಕಾರಣವಾದವು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಮೇಲೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಚುಚ್ಚುಮದ್ದಿನ ಬಗೆಗೂ ವದಂತಿಗಳು ಹರಡಿದವು. ಅದು ಸಾಯಿಸುವ ಮದ್ದು, ಜಾತಿ ಕೆಡಿಸುವ ಮದ್ದು, ಸಂತಾನ ನಿಲ್ಲಿಸುವ ಮದ್ದು ಎಂಬ ಮಾತುಗಳಿದ್ದವು.

ಈ ಹಿನ್ನೆಲೆಯಲ್ಲಿ ಹಾಫ್‌ಕಿನ್ ಬಲವಂತವನ್ನು ಬಯಸಲಿಲ್ಲ. ಜನರ ನಂಬಿಕೆ ಗಳಿಸದೆ ಲಸಿಕೆ ನಿಲ್ಲದು ಎಂಬುದು ಕಲ್ಕತ್ತೆಯ ಬಸ್ತಿಗಳಲ್ಲಿ ಅವರಿಗೆ ಅನುಭವಕ್ಕೆ ಬಂದ ಸಂಗತಿ. ಪ್ಲೇಗಿನ ಲಸಿಕೆ ಸ್ವಇಚ್ಛೆಯದಾಗಿರಬೇಕು ಎಂಬುದನ್ನೇ ಭಾರತ ಸರಕಾರವೂ ನೀತಿಯಾಗಿ ಇಟ್ಟುಕೊಂಡಿತು. ಆದರೆ ನೇರವಾದ ಬಲವಂತಕ್ಕೂ ಪೂರ್ತಿಯಾದ ಸ್ವಇಚ್ಛೆಗೂ ನಡುವೆ ಒಂದು ದಾರಿಯಿತ್ತು. ಮುಂಬಯಿ ಪ್ರಾಂತ್ಯದಲ್ಲಿ ಲಸಿಕೆಯ ಪ್ರಮಾಣಪತ್ರ ಹೊಂದಿದವರಿಗೆ ಶಿಬಿರವಾಸದಂತಹ ಕೆಲವು ನಿರ್ಬಂಧಗಳಿಂದ ವಿನಾಯಿತಿ ಸಿಗುತ್ತಿತ್ತು. ಶಿಬಿರಕ್ಕೆ ಹೋಗುವುದಕ್ಕಿಂತ ಸೂಜಿಯೇ ಲೇಸು ಎಂದು ಬಗೆದವರು ಕಡಿಮೆಯಿರಲಾರರು. ಅವರ ಒಪ್ಪಿಗೆಯನ್ನು ಸ್ವಇಚ್ಛೆ ಎನ್ನಬೇಕೋ ಬೇಡವೋ ಎಂಬುದು ಸುಲಭವಾಗಿ ತೀರದ ಪ್ರಶ್ನೆ. ಅದೇ 1898ರಲ್ಲಿ ಇಂಗ್ಲೆಂಡಿನಲ್ಲಿಯೂ, ಸಿಡುಬಿನ ಲಸಿಕೆಗೆ ಮನಸ್ಸಾಕ್ಷಿಯ ಕಾರಣದಿಂದ ಒಪ್ಪದ ತಂದೆತಾಯಿಯರಿಗೆ ವಿನಾಯಿತಿ ನೀಡುವ ಕಾನೂನು ಬಂದಿತು.

ಈ ಪ್ರಶ್ನೆ ಕೋವಿಡ್ ಕಾಲದಲ್ಲಿ ಮತ್ತೆ ಎದ್ದಿತು. 1897ರ ಕಾಯಿದೆ ಆಗಲೂ ದೇಶದಲ್ಲಿ ಜಾರಿಯಲ್ಲಿತ್ತು. ಕರ್ನಾಟಕ 2020ರಲ್ಲಿ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿಕೊಂಡಿತು. 2021ರ ಡಿಸೆಂಬರಿನಲ್ಲಿ ರಾಜ್ಯದ ಮಾಲ್ ಮತ್ತು ಚಿತ್ರಮಂದಿರಗಳ ಪ್ರವೇಶಕ್ಕೆ ಎರಡು ಡೋಸ್ ಪಡೆದಿರಬೇಕೆಂಬ ನಿಯಮ ಬಂದಿತು. ಯಾರನ್ನೂ ಲಸಿಕೆಗೆ ಬಲವಂತಪಡಿಸುವಂತಿಲ್ಲ, ಆದರೆ ಸಾರ್ವಜನಿಕ ಆರೋಗ್ಯದ ಹಿತದಲ್ಲಿ ಮಿತಿಮೀರದ ನಿರ್ಬಂಧಗಳನ್ನು ಸರಕಾರ ವಿಧಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ತೀರ್ಪಿತ್ತಿತು. ಹುಬ್ಬಳ್ಳಿಯ ಕಾಲದ ಪ್ರಮಾಣಪತ್ರಕ್ಕೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ.

ಪ್ಲೇಗ್ ಆಯೋಗ

1898ರ ಕೊನೆಯಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟಿ. ಆರ್. ಫ್ರೇಸರ್ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ಪ್ಲೇಗ್ ಆಯೋಗ ನೇಮಕವಾಯಿತು. ವಿಷಮಶೀತ ಜ್ವರದ ಲಸಿಕೆಯಿಂದ ಹೆಸರಾದ ಆಲ್ಮ್‌ರಾತ್ ರೈಟ್ ಅದರ ಸದಸ್ಯರಲ್ಲಿ ಒಬ್ಬರು. ಆಯೋಗ ಹುಬ್ಬಳ್ಳಿ, ಧಾರವಾಡಗಳ ಅಂಕಿಗಳನ್ನೂ ಪರಿಶೀಲಿಸಿತು. ಲೆಕ್ಕವಿಟ್ಟ ಕ್ರಮದ ಕೊರತೆಗಳನ್ನೂ, ಲಸಿಕೆಯ ಬಲ ಸೀಸೆಯಿಂದ ಸೀಸೆಗೆ ಒಂದೇ ಸಮನಾಗಿಲ್ಲದಿರುವುದನ್ನೂ ಎತ್ತಿ ತೋರಿಸಿತು. ಕೊನೆಗೆ ಅದು ಮುಟ್ಟಿದ ತೀರ್ಮಾನ ಇಷ್ಟು: ಲಸಿಕೆ ಪಡೆದವರಲ್ಲಿ ರೋಗ ತಗುಲುವುದು ಗಣನೀಯವಾಗಿ ಕಡಿಮೆಯಾಗುತ್ತದೆ, ಆದರೆ ರಕ್ಷಣೆ ಪೂರ್ಣವಲ್ಲ, ಸಾವಿನ ಪ್ರಮಾಣ ಇನ್ನೂ ಹೆಚ್ಚಾಗಿ ಇಳಿಯುತ್ತದೆ. ಟೀಕೆಯ ಧಾಟಿಯಿಂದ ಹಾಫ್‌ಕಿನ್ ನೊಂದರು. ಆದರೆ ಲಸಿಕೆಯನ್ನು ಮುಂದುವರಿಸಲು ಆಯೋಗ ಸಮ್ಮತಿಸಿತು. 1899ರ ಆಗಸ್ಟಿನಲ್ಲಿ ಮುಂಬಯಿಯ ಪರೇಲಿನ ಹಳೆಯ ಗವರ್ನರರ ನಿವಾಸದಲ್ಲಿ ಪ್ಲೇಗ್ ಸಂಶೋಧನಾಲಯ ಆರಂಭವಾಗಿ, ಹಾಫ್‌ಕಿನ್ ಅದರ ಮುಖ್ಯಸ್ಥರಾದರು.

ಮುಲ್ಕೋವಾಲ್ ದುರಂತ

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಪ್ರಬಲವಾಗಿ, ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕುವ ಯೋಜನೆ ಕೈಗೊಳ್ಳಲಾಯಿತು. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿ ಧನುರ್ವಾಯುವಿಗೆ ತುತ್ತಾಗಿ ಸತ್ತರು. ಉಳಿದ ಸೀಸೆಗಳ ಮದ್ದನ್ನು ಪಡೆದವರಿಗೆ ಏನೂ ಆಗಲಿಲ್ಲ.

ತಯಾರಿಕೆಯನ್ನು ಶೀಘ್ರಗೊಳಿಸಲು ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಪಾಶ್ಚರ್ ಸಂಸ್ಥೆಯಲ್ಲಿ ರೂಢಿಯಲ್ಲಿದ್ದಂತೆ ಶಾಖದಿಂದ ಮಾತ್ರ ಶುದ್ಧಗೊಳಿಸುವ ಕ್ರಮವನ್ನು ಅನುಸರಿಸಿದ್ದರು. ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಸರ್ ಲಾರೆನ್ಸ್ ಜೆಂಕಿನ್ಸ್ ಅವರ ನೇತೃತ್ವದ ವಿಚಾರಣಾ ಮಂಡಳಿ, ಸೀಸೆ ತೆರೆಯುವ ಮೊದಲೇ, ಅಂದರೆ ಸಂಶೋಧನಾಲಯದಲ್ಲಿಯೇ, ಮದ್ದು ಕಲುಷಿತವಾಗಿತ್ತೆಂದು ಅಭಿಪ್ರಾಯಪಟ್ಟಿತು. ಹಾಫ್‌ಕಿನ್ ಅಧಿಕಾರ ಕಳೆದುಕೊಂಡು ಭಾರತ ಬಿಟ್ಟರು. ಆದರೆ ಅದೇ ವಿಚಾರಣೆಯ ದಾಖಲೆಗಳಲ್ಲಿ ಮತ್ತೊಂದು ಸಂಗತಿಯಿತ್ತು. ಮುಲ್ಕೋವಾಲಿನಲ್ಲಿ ಸೀಸೆಯ ಬಿರಡೆಯನ್ನು ತೆಗೆಯುವ ಚಿಮುಟ ಸಹಾಯಕನ ಕೈಜಾರಿ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧಗೊಳಿಸದೆಯೇ ಅದನ್ನು ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿಯೇ. ಸಂಶೋಧನಾಲಯದಲ್ಲಿಯೇ ಸೇರಿ ವಾರಗಟ್ಟಲೆ ಬೆಳೆದಿದ್ದರೆ ಮದ್ದಿನಿಂದ ದುರ್ವಾಸನೆ ಬರಬೇಕಿತ್ತು. ತೆರೆದಾಗ ಅಂತಹ ವಾಸನೆ ಇರಲಿಲ್ಲ.

ಲಂಡನ್ನಿನ ಲಿಸ್ಟರ್ ಸಂಸ್ಥೆ ಸಾಕ್ಷ್ಯಗಳನ್ನು ಮತ್ತೆ ಪರಿಶೀಲಿಸಿ ಮಂಡಳಿಯ ನಿರ್ಣಯವನ್ನು ಒಪ್ಪಲಿಲ್ಲ. ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಹಾಫ್‌ಕಿನ್ ಪರವಾಗಿ ಹೋರಾಟಕ್ಕೆ ಇಳಿದರು. 1907ರ ಜುಲೈನಲ್ಲಿ ರಾಸ್ ಸೇರಿದಂತೆ ಹತ್ತು ಮಂದಿ ತಜ್ಞರ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವರ್ಷದ ಕೊನೆಯಲ್ಲಿ ಆರೋಪ ನೀಗಿತು. ಫ್ರಾನ್ಸಿನಲ್ಲಿ ಯಹೂದಿ ಸೇನಾಧಿಕಾರಿ ಡ್ರೇಫಸ್ ಅವರಿಗೆ ಆದ ಅನ್ಯಾಯಕ್ಕೆ ಇದನ್ನು ಹೋಲಿಸಿದವರುಂಟು. ದುರಂತದಿಂದ ಪಂಜಾಬಿನ ಲಸಿಕಾ ಯೋಜನೆ ಕುಸಿಯಿತು. ಆ 19 ಸಾವುಗಳ ಹೊರತಾಗಿ, ಲಸಿಕೆಯ ಹೆದರಿಕೆಯಿಂದ ಅದನ್ನು ಪಡೆಯದೆ ಪ್ಲೇಗಿನಿಂದ ಸತ್ತವರನ್ನು ಯಾರೂ ಎಣಿಸಲಿಲ್ಲ.

ಕೊನೆಯ ವರ್ಷಗಳು

ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರೂ ಮುಂಬಯಿಯ ಹುದ್ದೆ ಅವರಿಗೆ ದೊರೆಯಲಿಲ್ಲ. ಕಲ್ಕತ್ತೆಯಲ್ಲಿ ನೀಡಿದ ಕೆಲಸದಲ್ಲಿ ಲಸಿಕೆಗಳನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಅನುಮತಿ ಇರಲಿಲ್ಲ. ಸುಮಾರು 55ನೆಯ ವಯಸ್ಸಿನಲ್ಲಿ ನಿವೃತ್ತರಾಗಿ ಯುರೋಪಿಗೆ ಮರಳಿದರು. ಆಮೇಲೆ ಅವರ ಮನಸ್ಸು ಧರ್ಮದ ಕಡೆ ಹೊರಳಿತು. 1916ರಲ್ಲಿ ಸಾಂಪ್ರದಾಯಿಕ ಯಹೂದಿ ಆಚಾರವನ್ನು ಸಮರ್ಥಿಸಿ ಪ್ರಬಂಧವೊಂದನ್ನು ಬರೆದರು. 1929ರಲ್ಲಿ ತಮ್ಮ ಸಂಪತ್ತನ್ನು ಪೂರ್ವ ಯುರೋಪಿನ ಯಹೂದಿ ಧಾರ್ಮಿಕ ಪಾಠಶಾಲೆಗಳಿಗಾಗಿ ದತ್ತಿಯಿಟ್ಟರು. ಅವರು ಮದುವೆಯಾಗಿರಲಿಲ್ಲ. 26 ಅಕ್ಟೋಬರ್ 1930ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಿಧನರಾದರು.

1897ರಿಂದ 1925ರವರೆಗೆ ಮುಂಬಯಿಯ ಸಂಶೋಧನಾಲಯದಿಂದ ಸುಮಾರು 2 ಕೋಟಿ 60 ಲಕ್ಷ ಡೋಸ್ ಪ್ಲೇಗ್ ಲಸಿಕೆ ಹೊರಗೆ ಹೋಯಿತು. 1925ರಲ್ಲಿ, ಹಾಫ್‌ಕಿನ್ ಬದುಕಿರುವಾಗಲೇ, ಆ ಸಂಸ್ಥೆಗೆ ಅವರ ಹೆಸರನ್ನು ಇಡಲಾಯಿತು. ಭಾರತದ ಅಂಚೆ ಇಲಾಖೆ 1964ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಸ್ಟ್ರೆಪ್ಟೊಮೈಸಿನ್ ಔಷಧದ ಶೋಧಕ್ಕಾಗಿ ನೊಬೆಲ್ ಪಡೆದ ಸೆಲ್ಮನ್ ವಾಕ್ಸ್‌ಮನ್ ಅದೇ ವರ್ಷ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಇದೇ ಸ್ಟ್ರೆಪ್ಟೊಮೈಸಿನ್ ಮುಂದೆ ಪ್ಲೇಗಿನ ಚಿಕಿತ್ಸೆಗೆ ಮುಖ್ಯ ಔಷಧವಾಯಿತು.